ಡಾಕಿಂಗ್ ಅಡಾಪ್ಟರ್: ಜೋಡಣೆ ಬೇರೆಯಾದ ನೌಕೆಗಳು ಬಾಹ್ಯಾಕಾಶದಲ್ಲಿ ಕೂಡುವುದು ಹೇಗೆ?

ಒಂದಿಂಚಿನ ಪೈಪಿಗೆ ಅರ್ಧ ಇಂಚಿನ ಪೈಪು ಸೇರಿಸಬೇಕೆಂದರೆ ತ್ಯಾಗರಾಜನಗರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ರೆಡ್ಯೂಸರ್ ಕೇಳುತ್ತೇವೆ. ಒಂದು ಬದಿ ದೊಡ್ಡದು, ಇನ್ನೊಂದು ಬದಿ ಚಿಕ್ಕದು, ಅಷ್ಟೇ. ಬಾಹ್ಯಾಕಾಶದಲ್ಲೂ ಇಂಥದ್ದೇ ಒಂದು ಸಾಧನವಿದೆ. ಅದರ ಹೆಸರು ಡಾಕಿಂಗ್ ಅಡಾಪ್ಟರ್. ಆದರೆ ಅಲ್ಲಿ ಅಳತೆ ಹೊಂದಿಸಿದರೆ ಮಾತ್ರ ಸಾಲದು.

ನೌಕೆಗಳು ಆಯಸ್ಕಾಂತದಿಂದ ಅಂಟಿಕೊಳ್ಳುತ್ತವೆಯೇ?

ಅನೇಕರು ಹಾಗೆಂದುಕೊಂಡಿದ್ದಾರೆ. ನಿಜವಾಗಿ ನೌಕೆಗಳನ್ನು ಬಿಗಿಯಾಗಿ ಹಿಡಿದಿಡುವುದು ಲೋಹದ ಕೊಕ್ಕೆಗಳು. ಕಾರಣ ಸರಳ. ಇಂದಿನ ಅಂತರರಾಷ್ಟ್ರೀಯ ಡಾಕಿಂಗ್ ಮಾನದಂಡದಲ್ಲಿ ಗಗನಯಾತ್ರಿಗಳು ದಾಟುವ ದಾರಿಯ ವ್ಯಾಸ ಸುಮಾರು 800 ಮಿಲಿಮೀಟರ್. ಒಳಗೆ ಭೂಮಿಯ ಮೇಲಿನಷ್ಟೇ ಗಾಳಿಯ ಒತ್ತಡ, ಹೊರಗೆ ನಿರ್ವಾತ. ಲೆಕ್ಕ ಹಾಕಿದರೆ, ಆ ದಾರಿಯಷ್ಟು ಜಾಗದ ಮೇಲೆಯೇ ಗಾಳಿ ಎರಡು ನೌಕೆಗಳನ್ನು ಸುಮಾರು 5 ಟನ್ ತೂಕದಷ್ಟು ಬಲದಿಂದ ದೂರ ತಳ್ಳುತ್ತಿರುತ್ತದೆ. ಅದನ್ನು ತಡೆಯಲು ಸುತ್ತಲೂ 12 ಜೊತೆ ಕೊಕ್ಕೆಗಳಿರುತ್ತವೆ. ಗಾಳಿ ಸೋರದಂತೆ ಒಂದರೊಳಗೊಂದು ಎರಡು ಸೀಲ್ ಬಳೆಗಳಿರುತ್ತವೆ.

ಹಾಗಾಗಿ ಅಡಾಪ್ಟರ್ ವಿನ್ಯಾಸ ಮಾಡುವವರು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಎರಡೂ ಬದಿಯ ಕೊಕ್ಕೆಗಳು ಕೂಡುತ್ತವೆಯೇ? ಮೊದಲು ತಾಗಿದಾಗಿನ ಅಲುಗಾಟವನ್ನು ಯಾವ ಬದಿ ತಡೆದುಕೊಳ್ಳುತ್ತದೆ? ಗಾಳಿ ಸೋರದೆ ನಿಲ್ಲುತ್ತದೆಯೇ? ವಿದ್ಯುತ್ ಮತ್ತು ಮಾಹಿತಿ ಆಚೆ ಬದಿಗೆ ದಾಟುತ್ತವೆಯೇ?

ಮೊದಲ ದೊಡ್ಡ ಉದಾಹರಣೆ

1975ರ ಜುಲೈ 17ರಂದು ಅಮೆರಿಕದ ಅಪೊಲೊ ಮತ್ತು ಸೋವಿಯತ್ ಒಕ್ಕೂಟದ ಸೊಯೂಜ್ ಕೂಡಿದವು. ಎರಡರ ಜೋಡಣೆಯೂ ಬೇರೆ, ಒಳಗಿನ ಗಾಳಿಯೂ ಬೇರೆ. ಅಪೊಲೊದಲ್ಲಿ ಸಾಮಾನ್ಯ ಒತ್ತಡದ ಸುಮಾರು ಮೂರನೇ ಒಂದು ಭಾಗದಷ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ, ಸೊಯೂಜ್‌ನಲ್ಲಿ ನಾವು ಉಸಿರಾಡುವಂಥ ಗಾಳಿ. ನೇರವಾಗಿ ಬಾಗಿಲು ತೆರೆಯುವಂತಿರಲಿಲ್ಲ. ಅದಕ್ಕೆ ನಡುವೆ ಒಂದು ಕೋಣೆಯನ್ನೇ ಅಡಾಪ್ಟರ್ ಆಗಿ ಇಟ್ಟರು. ಅದರ ಒಂದು ತುದಿ ಅಪೊಲೊಗೆ, ಇನ್ನೊಂದು ತುದಿ ಸೊಯೂಜ್‌ಗೆ ಹೊಂದುತ್ತಿತ್ತು. ದಾಟುವವರು ಒಳಗೆ ಬಂದು, ಒಂದು ಬಾಗಿಲು ಮುಚ್ಚಿ, ಗಾಳಿಯನ್ನು ಹೊಂದಿಸಿಕೊಂಡ ಮೇಲೆ ಮತ್ತೊಂದನ್ನು ತೆರೆಯುತ್ತಿದ್ದರು.

ಶುಭಾಂಶು ಶುಕ್ಲಾ ದಾಟಿದ ಬಾಗಿಲು

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅಮೆರಿಕದ ಷಟಲ್ ನೌಕೆಗಾಗಿ ಮಾಡಿದ್ದ ಹಳೆಯ ಜೋಡಣೆಗಳಿದ್ದವು. 2011ರಲ್ಲಿ ಷಟಲ್ ನಿವೃತ್ತಿಯಾಯಿತು. ಹೊಸ ನೌಕೆಗಳು ಹೊಸ ಮಾನದಂಡದವು. ನಿಲ್ದಾಣದ ಆ ಭಾಗವನ್ನು ಕೆಳಗಿಳಿಸಿ ರಿಪೇರಿ ಮಾಡಲು ಸಾಧ್ಯವಿಲ್ಲವಲ್ಲ! ಆದ್ದರಿಂದ ಒಂದು ಬದಿ ಹಳೆಯದಕ್ಕೆ, ಇನ್ನೊಂದು ಬದಿ ಹೊಸದಕ್ಕೆ ಹೊಂದುವ ಬಳೆಯಾಕಾರದ ಅಡಾಪ್ಟರ್ ಮಾಡಿದರು. ಎತ್ತರ ಸುಮಾರು 1 ಮೀಟರ್, ಅಗಲ ಸುಮಾರು 1.6 ಮೀಟರ್.

ಮೊದಲನೆಯದು 2015ರ ಜೂನ್ 28ರಂದು ರಾಕೆಟ್ ಸ್ಫೋಟದಲ್ಲಿ ನಾಶವಾಯಿತು. ಎರಡನೆಯದನ್ನು 2016ರ ಆಗಸ್ಟ್‌ನಲ್ಲಿ, ಮೂರನೆಯದನ್ನು 2019ರ ಆಗಸ್ಟ್‌ನಲ್ಲಿ ಗಗನಯಾತ್ರಿಗಳು ನಿಲ್ದಾಣದಿಂದ ಹೊರಬಂದು ಜೋಡಿಸಿದರು, ಕೇಬಲ್‌ಗಳನ್ನೂ ಕೂಡಿಸಿದರು. 2025ರ ಜೂನ್ 26ರಂದು ಶುಭಾಂಶು ಶುಕ್ಲಾ ಅವರಿದ್ದ ಡ್ರ್ಯಾಗನ್ ನೌಕೆ ಬಂದು ಕೂಡಿದ್ದು ಈ ಮೂರನೇ ಅಡಾಪ್ಟರ್‌ಗೆ.

ನಮ್ಮ ಡಾಕಿಂಗ್ ವ್ಯವಸ್ಥೆಯ ಕಥೆಯೇನು?

ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ವಿನ್ಯಾಸ ಮಾಡಿದ ಸ್ಪೇಡೆಕ್ಸ್ ಉಪಗ್ರಹಗಳು 2024ರ ಡಿಸೆಂಬರ್ 30ರಂದು ಹಾರಿ, 2025ರ ಜನವರಿ 16ರಂದು ಕೂಡಿದವು. ಪ್ರತಿಯೊಂದರ ತೂಕ ಸುಮಾರು 220 ಕೆಜಿ. ಇಲ್ಲಿ ಎರಡೂ ಬದಿಯ ಜೋಡಣೆ ಒಂದೇ ರೀತಿಯದು, ಗಂಡು–ಹೆಣ್ಣು ಪ್ಲಗ್ಗಿನಂತೆ ಬೇರೆ ಬೇರೆಯಲ್ಲ. ಹತ್ತಿರ ಬರುವ ವೇಗ ಸೆಕೆಂಡಿಗೆ ಸುಮಾರು 10 ಮಿಲಿಮೀಟರ್, ಅಂದರೆ ಇರುವೆಯ ನಡಿಗೆ!

ಆದರೆ ಈ ವ್ಯವಸ್ಥೆಯ ಅಳತೆ 450 ಮಿಲಿಮೀಟರ್, ಮೋಟರ್ ಎರಡು. ಇಸ್ರೋ ಕೊಟ್ಟ ಹೋಲಿಕೆಯಂತೆ ಅಂತರರಾಷ್ಟ್ರೀಯ ಮಾನದಂಡದ ವ್ಯವಸ್ಥೆ 800 ಮಿಲಿಮೀಟರ್, ಮೋಟರ್ 24. ತತ್ವ ಹತ್ತಿರದ್ದೇ ಆದರೂ ಇವೆರಡು ನೇರವಾಗಿ ಕೂಡುವುದಿಲ್ಲ.

ಹಾಗಾದರೆ ನಡುವೆ ರೆಡ್ಯೂಸರ್ ಹಾಕಿದರಾಯಿತಲ್ಲ?

ಕೊಕ್ಕೆಗಳನ್ನು ಹೊಂದಿಸಬಹುದು. ಆದರೆ ಯಾವ ಅಡಾಪ್ಟರೂ ಚಿಕ್ಕ ಬದಿಯ ದಾರಿಯನ್ನು ದೊಡ್ಡದು ಮಾಡಲಾರದು. ನೀರು ಕಿರಿದಾದ ಪೈಪಿನಲ್ಲೂ ಹರಿದೀತು, ಬಾಹ್ಯಾಕಾಶ ಉಡುಪು ತೊಟ್ಟ ಮನುಷ್ಯ ನುಸುಳಲಾರ. ಮೇಲಾಗಿ ಪ್ರತಿ ಅಡಾಪ್ಟರ್ ಎಂದರೆ ಇನ್ನೊಂದು ಸುತ್ತು ಸೀಲ್, ಇನ್ನೊಂದು ಸುತ್ತು ಕೊಕ್ಕೆ, ಹೆಚ್ಚುವರಿ ತೂಕ. ಕೆಡಬಹುದಾದ ಜಾಗಗಳೂ ಅಷ್ಟು ಹೆಚ್ಚು.

ಭಾರತೀಯ ಅಂತರಿಕ್ಷ ನಿಲ್ದಾಣವನ್ನು 2035ರ ಹೊತ್ತಿಗೆ ಪೂರ್ಣಗೊಳಿಸುವ ಗುರಿಯಿದೆ. ಅದರ ಬಾಗಿಲಿಗೆ ಬೇರೆ ದೇಶದ ನೌಕೆ ಬಂದು ಕೂಡಬಲ್ಲದೇ, ಅಪಾಯದಲ್ಲಿರುವ ನಮ್ಮವರನ್ನು ಬೇರೆಯವರು ಕರೆತರಬಲ್ಲರೇ ಎಂಬುದನ್ನು ಈಗ ನಕ್ಷೆಯಲ್ಲಿ ಬರೆಯುವ ಅಳತೆಯೇ ತೀರ್ಮಾನಿಸುತ್ತದೆ. ಅಡಾಪ್ಟರ್ ಒಳ್ಳೆಯ ಉಪಾಯವೇ. ಆದರೆ ಮೊದಲೇ ಅಳತೆ ಒಪ್ಪಿಕೊಂಡರೆ ಅದರ ಅಗತ್ಯವೇ ಬೀಳುವುದಿಲ್ಲ.