ಕ್ರೂಸ್ ಪ್ರವಾಸ: ಹಡಗಿನವರ ವಿಮೆಯೋ, ನಮ್ಮದೇ ವಿಮೆಯೋ?

ಕಳೆದ ಒಂದೆರಡು ವರ್ಷಗಳಿಂದ ಸಂಘದ ಕಚೇರಿಗೆ ಬಂದು ಕ್ರೂಸ್ ಪ್ರವಾಸದ ವಿಚಾರ ಕೇಳುವ ಸದಸ್ಯರು ಹೆಚ್ಚಾಗಿದ್ದಾರೆ. ಮೊದಲು ಕಾಶಿ, ರಾಮೇಶ್ವರ, ಬಹಳವಾದರೆ ನೇಪಾಳ ಎನ್ನುತ್ತಿದ್ದವರು ಈಗ ಮುಂಬೈನಿಂದ ಲಕ್ಷದ್ವೀಪ, ಸಿಂಗಾಪುರದಿಂದ ನಾಲ್ಕು ರಾತ್ರಿಯ ಹಡಗು, ಮಗ ಅಮೆರಿಕದಲ್ಲಿದ್ದರೆ ಫ್ಲಾರಿಡಾದಿಂದ ಬಹಾಮಾಸ್ ಎನ್ನುತ್ತಾರೆ. ಸಂತೋಷದ ಸಂಗತಿಯೇ. ಆದರೆ ಹಡಗಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಸಿಗುತ್ತದೆಯೇ ಎಂದು ಹತ್ತು ಸಲ ವಿಚಾರಿಸುವವರು, ವಿಮೆಯ ಮಾತು ಬಂದರೆ "ಏಜೆಂಟ್ ಹಾಕ್ಯಾನಂತ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಯಾವ ವಿಮೆ, ಯಾರು ಕೊಟ್ಟದ್ದು, ಎಷ್ಟಕ್ಕೆ ಎಂದು ಕೇಳಿದರೆ ಉತ್ತರವಿಲ್ಲ. ಆದ್ದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಕ್ರೂಸ್ ಹೊರಡುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಟಿಕೆಟ್ ಕಾಯ್ದಿರಿಸುವಾಗಲೇ ಹಡಗಿನ ಕಂಪನಿ ಅಥವಾ ಅದರ ಏಜೆಂಟರು ಜೊತೆಗೆ ಸೇರಿಸಿ ಕೊಡುವ ರಕ್ಷಣಾ ಯೋಜನೆ. ಇನ್ನೊಂದು, ನಾವೇ ಬೇರೆಯಾಗಿ ವಿಮಾ ಕಂಪನಿಯಿಂದ ಕೊಳ್ಳುವ ಪ್ರಯಾಣ ವಿಮೆ. ಎರಡಕ್ಕೂ 'ಇನ್ಶೂರೆನ್ಸ್' ಎಂದೇ ಹೇಳುವುದರಿಂದ ಎರಡೂ ಒಂದೇ ಎಂದು ಜನ ತಿಳಿಯುತ್ತಾರೆ. ಮೊದಲನೆಯದು ಮುಖ್ಯವಾಗಿ ಟಿಕೆಟನ್ನು ಕಾಯುತ್ತದೆ. ಎರಡನೆಯದು, ಸರಿಯಾಗಿ ಆರಿಸಿಕೊಂಡರೆ, ಮನುಷ್ಯನನ್ನು ಕಾಯುತ್ತದೆ. ಅರವತ್ತು ದಾಟಿದವರಿಗೆ ಯಾವುದು ಹೆಚ್ಚು ಬೇಕು ಎಂದು ಬಿಡಿಸಿ ಹೇಳಬೇಕಿಲ್ಲ.

ಹಡಗಿನವರ ಯೋಜನೆಯಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಅಮೆರಿಕದ ದೊಡ್ಡ ಹಡಗು ಕಂಪನಿಗಳ ಯೋಜನೆಗಳಲ್ಲಿ, ಯಾವ ಕಾರಣಕ್ಕೇ ಪ್ರವಾಸ ರದ್ದು ಮಾಡಿದರೂ ದಂಡವಾಗಿ ಹೋಗುವ ಹಣದ ಬಹುಭಾಗವನ್ನು ಮುಂದಿನ ಪ್ರವಾಸಕ್ಕೆ ಜಮೆ ಮಾಡುವ ಸೌಲಭ್ಯವಿರುತ್ತದೆ. ನೂರಕ್ಕೆ 75ರಿಂದ 90ರವರೆಗೆ ಎಂದು ಸಾಮಾನ್ಯವಾಗಿ ಇರುತ್ತದೆ. ಬುಕಿಂಗ್ ಮಾಡುವಾಗಲೇ ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೆ 'ಜಮೆ' ಎಂಬ ಶಬ್ದವನ್ನು ಗಮನಿಸಬೇಕು. ಅದು ನಗದು ಅಲ್ಲ, ಅದೇ ಕಂಪನಿಯ ಹಡಗಿನಲ್ಲಿ ಅವರು ಹೇಳಿದ ಅವಧಿಯೊಳಗೆ ಮತ್ತೆ ಹೋಗಬೇಕು. ಮಂಡಿ ನೋವೆಂದು ಈ ವರ್ಷ ಹೋಗದವರು ಮುಂದಿನ ವರ್ಷ ಹೋಗುತ್ತಾರೆಯೇ? ಇನ್ನು ಆ ಕಂಪನಿಯೇ ಉಳಿಯದಿದ್ದರೆ? 2019ರಲ್ಲಿ ಮುಂಬೈನಿಂದ ಹಡಗು ಓಡಿಸಲು ತೊಡಗಿದ ಜಲೇಶ್ ಕ್ರೂಸಸ್ ಮರುವರ್ಷ, 2020ರಲ್ಲಿ, ಮುಚ್ಚಿಹೋಯಿತು. ಕಂಪನಿ ಮುಚ್ಚಿದ ಮೇಲೆ ಅದು ಕೊಟ್ಟ ಜಮೆ ಚೀಟಿ ಬರೀ ಕಾಗದ.

ಇನ್ನೊಂದು ಮಿತಿ ಇದೆ. ಹಡಗಿನವರ ಯೋಜನೆ ಸಾಮಾನ್ಯವಾಗಿ ಅವರ ಮೂಲಕ ಕೊಂಡ ವ್ಯವಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಸೊಲ್ಲಾಪುರದಿಂದ ಮುಂಬೈಗೆ ರೈಲು, ಮುಂಬೈಯಿಂದ ಸಿಂಗಾಪುರಕ್ಕೆ ವಿಮಾನ, ಅಲ್ಲಿ ಒಂದು ರಾತ್ರಿಯ ಹೋಟೆಲ್, ಇವನ್ನು ನಾವೇ ಮಾಡಿಕೊಂಡಿದ್ದರೆ ಆ ಖರ್ಚು ನಮ್ಮ ತಲೆಗೇ. ವೈದ್ಯಕೀಯ ಭಾಗದ ಮೊತ್ತವೂ ಬೇರೆಯಾಗಿ ಕೊಳ್ಳುವ ಒಳ್ಳೆಯ ಪಾಲಿಸಿಗಿಂತ ಎಷ್ಟೋ ಕಡಿಮೆ ಇರುವುದುಂಟು.

ಅಮೆರಿಕದಲ್ಲಿ ಮಕ್ಕಳಿರುವವರು ಇದನ್ನು ವಿಶೇಷವಾಗಿ ಓದಬೇಕು. ಮಗನೋ ಮಗಳೋ ಪ್ರೀತಿಯಿಂದ ಅಪ್ಪ ಅವ್ವನಿಗೂ ಸೇರಿಸಿ ಹಡಗಿನ ಟಿಕೆಟ್ ತೆಗೆಯುತ್ತಾರೆ, ಜೊತೆಗೆ ಆ ಕಂಪನಿಯ ರಕ್ಷಣಾ ಯೋಜನೆಯನ್ನೂ ಎಲ್ಲರಿಗೂ ಹಾಕುತ್ತಾರೆ. ಅಲ್ಲಿನ ಇಂಥ ಯೋಜನೆಗಳು ಹೆಚ್ಚಾಗಿ ಆ ದೇಶದ ನಿವಾಸಿಗಳಿಗೆಂದು ಮಾಡಿದವು. ಭೇಟಿಗೆ ಹೋದ ತಂದೆ ತಾಯಿಗೆ ಅನ್ವಯವಾಗುತ್ತದೆಯೇ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳುವಂತೆ ಮಕ್ಕಳಿಗೆ ಹೇಳಿರಿ. ನೀವು ಇಲ್ಲಿಂದ ಹೊರಡುವಾಗ ಕೊಂಡ ವಿದೇಶ ಪ್ರಯಾಣ ವಿಮೆಯಲ್ಲಿ 'ಅಮೆರಿಕ, ಕೆನಡಾ ಸೇರಿ' ಎಂದಿದೆಯೇ, 'ಬಿಟ್ಟು' ಎಂದಿದೆಯೇ ಎಂಬುದನ್ನೂ ನೋಡಿರಿ. 'ಬಿಟ್ಟು' ಎಂಬ ಪಾಲಿಸಿಗೆ ಹಣ ಕಡಿಮೆಯೆಂದು ಅದನ್ನೇ ಕೊಂಡು ಫ್ಲಾರಿಡಾಕ್ಕೆ ಹೋದರೆ ಪ್ರಯೋಜನವಿಲ್ಲ.

"ನಮ್ಮ ಮೆಡಿಕ್ಲೇಮ್ ಅದಲ್ಲ" ಎನ್ನುವವರೂ ಇದ್ದಾರೆ. ಊರಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಭಾರತದೊಳಗಿನ ಆಸ್ಪತ್ರೆಗೆ ಮಾತ್ರ. ಆಸ್ಪತ್ರೆ ಎಂದರೆ ಏನೆಂಬುದಕ್ಕೂ ಪಾಲಿಸಿಯಲ್ಲಿ ವ್ಯಾಖ್ಯೆ ಇರುತ್ತದೆ: 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಲ್ಲಿ ಕನಿಷ್ಠ 10 ಹಾಸಿಗೆ, ಉಳಿದೆಡೆ 15 ಹಾಸಿಗೆ ಇತ್ಯಾದಿ. ನಾಲ್ಕಾರು ಹಾಸಿಗೆಯ ಹಡಗಿನ ದವಾಖಾನೆ ಈ ವ್ಯಾಖ್ಯೆಯಲ್ಲಿ ಕೂಡುವುದು ಕಷ್ಟ. ಆಯುಷ್ಮಾನ್ ಕಾರ್ಡೂ ಅಷ್ಟೇ, ನೋಂದಾಯಿತ ಆಸ್ಪತ್ರೆಯ ಹೊರಗೆ ಅದು ನಡೆಯದು. ಇನ್ನು ಕೆಲವರು "ಹಡಗಿಗೇ ಇನ್ಶೂರೆನ್ಸ್ ಇರ್ತದಲ್ರಿ" ಎನ್ನುತ್ತಾರೆ. ಇರುತ್ತದೆ. ಅದು ಹಡಗಿನವರ ತಪ್ಪಿನಿಂದ ಅನಾಹುತವಾದರೆ ಅವರು ಕೊಡಬೇಕಾದ ಪರಿಹಾರಕ್ಕೆ. 2012ರ ಜನವರಿಯಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಂಥ ಪ್ರಕರಣದಲ್ಲಿ ಬರುವ ಮಾತು ಅದು. ನಮಗೆ ನಡುರಾತ್ರಿ ಎದೆ ನೋವು ಬಂದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಧರ್ಮಕ್ಕಲ್ಲ. ಪರೀಕ್ಷೆ, ಇಸಿಜಿ, ಸಲೈನು ಎಲ್ಲದಕ್ಕೂ ಬಿಲ್ಲಾಗುತ್ತದೆ. ವಿದೇಶದ ಹಡಗಾದರೆ ಆ ಬಿಲ್ಲು ಬಹುತೇಕ ಡಾಲರಿನಲ್ಲಿ. ಅದು ನಿಮ್ಮ ಕೋಣೆಯ ಲೆಕ್ಕಕ್ಕೆ ಸೇರಿ, ಇಳಿಯುವ ಮೊದಲು ಕಾರ್ಡಿನಿಂದ ಕಡಿತವಾಗುತ್ತದೆ. ನಗದುರಹಿತ ಚಿಕಿತ್ಸೆ ಹಡಗಿನ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಮೊದಲು ಕಟ್ಟಿ, ಮೂಲ ಬಿಲ್ಲು ಮತ್ತು ವೈದ್ಯರ ವರದಿ ತಂದು, ಊರಿಗೆ ಬಂದ ಮೇಲೆ ಕ್ಲೇಮ್ ಮಾಡಬೇಕು. ಅಲ್ಲಿ ಆಗದ ಚಿಕಿತ್ಸೆಯಾದರೆ ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ, ತೀರಾ ತುರ್ತಾದರೆ ಹೆಲಿಕಾಪ್ಟರು. ರೋಗಿಯನ್ನು ಹೀಗೆ ಸಾಗಿಸುವ ಖರ್ಚು ಹತ್ತಾರು ಸಾವಿರ ಡಾಲರ್ ದಾಟಬಲ್ಲದು. ಆದ್ದರಿಂದ ಪಾಲಿಸಿ ನೋಡುವಾಗ ಕಳೆದ ಸೂಟ್‌ಕೇಸಿಗೆ ಎಷ್ಟು ಎಂಬುದಕ್ಕಿಂತ ಮೊದಲು ರೋಗಿ ಸಾಗಣೆಗೆ ಎಷ್ಟು ಎಂಬ ಸಾಲನ್ನು ಹುಡುಕಿರಿ. ಯುರೋಪಿನ ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಅದು ವೀಸಾ ಸಿಗಲು ಬೇಕಾದ ಕನಿಷ್ಠ ಮೊತ್ತ, ಅಷ್ಟೇ ಸಾಕೆಂದು ಅರ್ಥವಲ್ಲ.

ಈಗ ಒಂದು ನಡೆದ ವಿಷಯ. ಸಂಬಂಧಿಸಿದವರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಬರೆಯುತ್ತಿದ್ದೇವೆ. ನಮ್ಮ ಸಂಘದ ಹಿರಿಯ ದಂಪತಿ ಗುಂಪು ಪ್ರವಾಸದಲ್ಲಿ ಸಿಂಗಾಪುರದ ಹಡಗು ಹತ್ತಿದರು. ಎರಡನೆಯ ರಾತ್ರಿ ಯಜಮಾನರಿಗೆ ಎದೆ ಹಿಡಿದುಕೊಂಡಿತು. ಹಡಗಿನ ದವಾಖಾನೆಯಲ್ಲಿ ರಾತ್ರಿಯಿಡೀ ಇಟ್ಟುಕೊಂಡು ನೋಡಿದರು, ದೇವರ ದಯದಿಂದ ಬಚಾವಾದರು. ಬಿಲ್ಲನ್ನು ಅಳಿಯ ಮುಂಬೈಯಿಂದ ತನ್ನ ಕಾರ್ಡಿನಲ್ಲಿ ಕಟ್ಟಿದ. ಊರಿಗೆ ಬಂದ ಮೇಲೆ ಕಾಗದ ತೆಗೆದುಕೊಂಡು ನಮ್ಮ ಬಳಿ ಬಂದರು. ಪ್ಯಾಕೇಜಿನಲ್ಲಿ ಸೇರಿದ್ದ ವಿಮೆಯ ಅರ್ಜಿಯನ್ನು ಏಜೆಂಟನ ಕಚೇರಿಯವರೇ ತುಂಬಿದ್ದರು. "ಮೊದಲಿನಿಂದ ಯಾವುದಾದರೂ ಕಾಯಿಲೆ ಇದೆಯೇ" ಎಂಬ ಪ್ರಶ್ನೆಗೆ 'ಇಲ್ಲ' ಎಂದಿತ್ತು. ಹನ್ನೊಂದು ವರ್ಷದಿಂದ ಬಿಪಿ ಗುಳಿಗೆ ನುಂಗುತ್ತಿದ್ದ ಮನುಷ್ಯ ಅವರು. ಹಡಗಿನ ವೈದ್ಯರು ಕೇಳಿದಾಗ ಅದನ್ನು ಹೇಳಿದ್ದರು, ವರದಿಯಲ್ಲೂ ಅದು ಬಂದಿತ್ತು. ಕ್ಲೇಮ್ ತಿರಸ್ಕೃತವಾಯಿತು. ಮುಂದೆ ದೂರು ಕೊಡೋಣ, ಅರ್ಜಿ ನಾವು ಬರೆಯುತ್ತೇವೆ ಎಂದೆವು. ಅವರು ಆ ಕಾಗದವನ್ನು ತಿರುಗಿಸಿ ಕೆಳಗಿನ ಸಹಿ ತೋರಿಸಿದರು. "ಓದಲಾರದೆ ಹಾಕೀನಿ, ಆದ್ರ ಸಹಿ ನಂದs ಅದ" ಎಂದರು. ನಾವೂ ಸುಮ್ಮನಾದೆವು.

ಬೇರೆಯಾಗಿ ವಿಮೆ ಕೊಳ್ಳುವುದರ ದೊಡ್ಡ ಲಾಭ ಇಲ್ಲೇ ಇದೆ ಎಂದು ನಮ್ಮ ಅಭಿಪ್ರಾಯ. ಅರ್ಜಿ ನಿಮ್ಮ ಕೈಯಲ್ಲಿರುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಸ್ಟೆಂಟ್, ಎಲ್ಲವನ್ನೂ ಬರೆಯಿರಿ. ಪ್ರೀಮಿಯಂ ಏರಬಹುದು, ವೈದ್ಯರ ಚೀಟಿ ಕೇಳಬಹುದು, ಕೆಲವು ಕಂಪನಿಗಳು ಬೇಡವೆನ್ನಲೂಬಹುದು. ಬೇಡವೆಂದರೆ ಇಲ್ಲೇ ಗೊತ್ತಾಯಿತಲ್ಲ, ಸಮುದ್ರದ ನಡುವೆ ಗೊತ್ತಾಗುವುದಕ್ಕಿಂತ ಅದು ವಾಸಿ. ಹಳೆಯ ಕಾಯಿಲೆ ಹೇಳಿದ ಮಾತ್ರಕ್ಕೆ ಅದಕ್ಕೆ ಪೂರ್ತಿ ರಕ್ಷಣೆ ಸಿಕ್ಕಿತೆಂದೂ ತಿಳಿಯಬೇಡಿರಿ. ಬಹಳ ಪಾಲಿಸಿಗಳು ಪ್ರಾಣಕ್ಕೆ ಅಪಾಯವಾದ ತುರ್ತು ಸ್ಥಿತಿಯಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. ಆ ಮಿತಿ ಎಷ್ಟೆಂದು ಕೇಳಿರಿ. ಪ್ರತಿ ಕ್ಲೇಮಿನಲ್ಲಿ ಮೊದಲ ಇಷ್ಟು ಡಾಲರ್ ನಿಮ್ಮದೇ ಎಂಬ ಷರತ್ತೂ ಇರುತ್ತದೆ.

ಬೇರೆ ವಿಮೆಯಲ್ಲೂ ತೊಡಕುಗಳಿವೆ. ಮುಖ್ಯವಾದದ್ದು, ವಿಮಾನ ತಡವಾಗಿ ಹಡಗು ತಪ್ಪಿದರೆ ಏನು ಎಂಬುದು. ನಮ್ಮ ದೇಶದ ಅನೇಕ ಪಾಲಿಸಿಗಳಲ್ಲಿ 'ಮುಂದಿನ ವಿಮಾನ ತಪ್ಪಿದರೆ' ಎಂದಿರುತ್ತದೆ. ಹಡಗು ವಿಮಾನವಲ್ಲ ಎಂದು ಅವರು ವಾದಿಸಬಹುದು. ಕೆಲವು ಕಂಪನಿಗಳು ಕ್ರೂಸಿಗೆಂದೇ ಹೆಚ್ಚುವರಿ ಭಾಗ ಇಟ್ಟಿವೆ, ಅದನ್ನು ಕೇಳಿ ಹಾಕಿಸಿಕೊಳ್ಳಿರಿ. ಅದಕ್ಕಿಂತ ಸುಲಭವಾದದ್ದು ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರು ಸೇರುವುದು. ಹಡಗು ಯಾರಿಗೂ ಕಾಯುವುದಿಲ್ಲ. ಹಾಗೆಯೇ ಏಷ್ಯಾ ಮಾತ್ರ ಎಂಬ ಅಗ್ಗದ ಪಾಲಿಸಿಗಳಲ್ಲಿ ಜಪಾನಿನಂಥ ದೇಶ ಬಿಟ್ಟಿರುವುದುಂಟು. ಹಡಗು ನಿಲ್ಲುವ ಎಲ್ಲ ಬಂದರುಗಳ ಪಟ್ಟಿಯನ್ನು ಪಾಲಿಸಿಯೊಡನೆ ತಾಳೆ ನೋಡಿರಿ.

ಮುಂಬೈ-ಗೋವಾ, ಕೊಚ್ಚಿ-ಲಕ್ಷದ್ವೀಪ ಹಡಗಿಗೆ ವಿದೇಶ ಪ್ರಯಾಣದ ಪಾಲಿಸಿ ಸಲ್ಲದು. ದೇಶದೊಳಗಿನ ಪ್ರಯಾಣ ವಿಮೆ ಬೇಕು, ಅದು ದುಬಾರಿಯೂ ಅಲ್ಲ. 2022ರ ಜನವರಿಯಲ್ಲಿ ಮುಂಬೈಯಿಂದ ಗೋವಾಕ್ಕೆ ಬಂದ ಹಡಗಿನಲ್ಲಿ 66 ಜನರಿಗೆ ಕೊರೊನಾ ಕಂಡು ಪ್ರಯಾಣಿಕರು ಪಟ್ಟ ಪಾಡು ನೆನಪಿರಬಹುದು. ಎರಡು ರಾತ್ರಿಯ ಪ್ರವಾಸಕ್ಕೆ ಯಾಕೆ ವಿಮೆ ಎನ್ನುವವರಿಗಾಗಿ ಇದನ್ನು ಬರೆದೆವು.

ಜಗಳ ಬಂದಾಗ ಎಲ್ಲಿಗೆ ಹೋಗಬೇಕೆಂಬುದು ಗಡಿಯಾಚೆಯ ಕನ್ನಡಿಗರಾದ ನಮಗೆ ಬೇರೆಯೇ ಪ್ರಶ್ನೆ. ವಿದೇಶಿ ಹಡಗಿನವರ ಯೋಜನೆಯ ಹಿಂದೆ ವಿದೇಶಿ ವಿಮಾ ಕಂಪನಿ ಇದ್ದರೆ, ಅಥವಾ ವಿಮಾ ಕಂಪನಿಯೇ ಇಲ್ಲದೆ ಅದು ಬರೀ ಹಡಗಿನವರ ಮಾತಾಗಿದ್ದರೆ, ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರದ ಹಿಡಿತ ಅಲ್ಲಿಗೆ ತಲುಪುವುದಿಲ್ಲ. ಇಲ್ಲಿ ಪರವಾನಗಿ ಪಡೆದ ಕಂಪನಿಯ ಪಾಲಿಸಿಯಾದರೆ ದಾರಿ ಇದೆ. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಪ್ರಾಧಿಕಾರದ 155255 ಸಂಖ್ಯೆಗೆ, ಅಥವಾ ಬಿಮಾ ಭರೋಸಾ ತಾಣದಲ್ಲಿ ಕೂಡ ದೂರು ದಾಖಲಿಸಬಹುದು. ಕಂಪನಿ ಒಂದು ತಿಂಗಳು ಉತ್ತರಿಸದಿದ್ದರೆ ಅಥವಾ ತಿರಸ್ಕರಿಸಿದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ.

ಯಾರಿಗೆ ಯಾವ ಕಚೇರಿ ಎಂದರೆ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಪುಣೆ. ಕಾಸರಗೋಡು, ವಯನಾಡಿನವರಿಗೆ ಕೊಚ್ಚಿ. ನೀಲಗಿರಿ, ಹೊಸೂರು, ತಾಳವಾಡಿಯವರಿಗೆ ಚೆನ್ನೈ. ಆದವಾನಿ, ರಾಯದುರ್ಗ, ಮಡಕಶಿರಾ ಹಾಗೂ ತೆಲಂಗಾಣದವರಿಗೆ ಹೈದರಾಬಾದ್. ಗೋವಾದವರಿಗೂ ಪುಣೆ. ಇದರಲ್ಲಿ ಒಂದು ಅನುಕೂಲವೂ ಇದೆ. ನಿಯಮದ ಪ್ರಕಾರ ದೂರುದಾರರ ವಾಸಸ್ಥಳವನ್ನಾಗಲಿ, ದೂರಿಗೆ ಒಳಗಾದ ವಿಮಾ ಕಂಪನಿಯ ಶಾಖೆ ಇರುವ ಸ್ಥಳವನ್ನಾಗಲಿ ಹಿಡಿದು ಕಚೇರಿ ಗೊತ್ತುಮಾಡಬಹುದು. ಬೆಂಗಳೂರಿನ ಮಗಳ ಮನೆಯಲ್ಲಿದ್ದಾಗ ಅಲ್ಲಿನ ಶಾಖೆಯಿಂದ ಪಾಲಿಸಿ ಕೊಂಡವರು ಬೆಂಗಳೂರಿನ ಕಚೇರಿಗೂ ಹೋಗಬಹುದು.

ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಅರ್ಜಿ ತುಂಬಲು ಅಳುಕುವವರು ಸಂಘದ ಕಚೇರಿಗೆ ಬನ್ನಿರಿ, ನಾವು ಓದಿ ಹೇಳಿ, ನೀವು ಹೇಳಿದಂತೆ ತುಂಬಿಕೊಡುತ್ತೇವೆ. ಭಾನುವಾರ ಬೆಳಿಗ್ಗೆ ಗ್ರಂಥಾಲಯ ತೆರೆದಿರುವ ಹೊತ್ತಿನಲ್ಲಿ ಬಂದರೆ ಅನುಕೂಲ. ಬರುವಾಗ ಏಜೆಂಟ್ ಕೊಟ್ಟ ರಸೀದಿ, ಬಂದರುಗಳ ಪಟ್ಟಿ, ಮತ್ತು ನೀವು ದಿನಾ ತೆಗೆದುಕೊಳ್ಳುವ ಗುಳಿಗೆಗಳ ಚೀಟಿ, ಈ ಮೂರನ್ನು ತಪ್ಪದೆ ತನ್ನಿರಿ. ಹಣ ಪೂರ್ತಿ ಕಟ್ಟುವುದಕ್ಕೆ ಮೊದಲೇ ಬಂದರೆ ಇನ್ನೂ ಒಳ್ಳೆಯದು.