ಶಾಲೆಗಳಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಪ್ರಯೋಗಗಳು

ಪೀಠಿಕೆ

ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳು ಪ್ರಯೋಗವನ್ನು ಆಧರಿಸಿದ ವಿಷಯಗಳಾಗಿವೆ. ಪಠ್ಯಪುಸ್ತಕದಲ್ಲಿರುವ ನಿಯಮಗಳು ಹಿಂದಿನವರು ಅಳೆದು, ತೂಗಿ, ಮತ್ತೆ ಮತ್ತೆ ಪರೀಕ್ಷಿಸಿ ಕಂಡುಕೊಂಡವುಗಳಾಗಿವೆ. ವಿದ್ಯಾರ್ಥಿಯು ತನ್ನ ಕೈಯಾರೆ ಅಳತೆ ಮಾಡಿದಾಗ ಈ ನಿಯಮಗಳು ಕಂಠಪಾಠದ ವಾಕ್ಯಗಳಾಗಿ ಉಳಿಯದೆ ಅನುಭವಕ್ಕೆ ಬರುತ್ತವೆ. ಪ್ರೌಢಶಾಲೆ ಹಾಗೂ ಪದವಿಪೂರ್ವ ಹಂತದ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಪೋಷಕರ ಉಪಯೋಗಕ್ಕಾಗಿ ಕೆಲವು ಮುಖ್ಯ ಪ್ರಯೋಗಗಳ ವಿಧಾನ, ಅವುಗಳಲ್ಲಿ ಉಂಟಾಗುವ ದೋಷಗಳು, ದಾಖಲೆ ಬರೆಯುವ ಕ್ರಮ, ಉಪಕರಣಗಳ ನಿರ್ವಹಣೆ ಮತ್ತು ಸುರಕ್ಷತಾ ಕ್ರಮಗಳ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ಹಿನ್ನೆಲೆ

ವಿದ್ಯಾರ್ಥಿಯು ತಾನೇ ಪ್ರಯೋಗ ಮಾಡಿ ವಿಷಯವನ್ನು ಕಂಡುಕೊಳ್ಳಬೇಕೆಂಬ ಬೋಧನಾ ವಿಧಾನವನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹೆನ್ರಿ ಎಡ್ವರ್ಡ್ ಆರ್ಮ್‌ಸ್ಟ್ರಾಂಗ್ ಅವರು ಪ್ರಚುರಪಡಿಸಿದರು. ಸುಲಭವಾಗಿ ದೊರೆಯುವ ವಸ್ತುಗಳಿಂದ ಪ್ರಯೋಗ ಮಾಡುವ ವಿಧಾನಗಳನ್ನು ಒಳಗೊಂಡ ಕೈಪಿಡಿಯನ್ನು ಯುನೆಸ್ಕೋ ಸಂಸ್ಥೆಯು 1956ರಲ್ಲಿ ಹೊರತಂದಿತು.

ಭಾರತದಲ್ಲಿ ಈ ದಿಸೆಯಲ್ಲಿ ನಡೆದ ಮುಖ್ಯ ಪ್ರಯತ್ನವೆಂದರೆ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ, ಅಂದರೆ ಇಂದಿನ ನರ್ಮದಾಪುರಂ ಜಿಲ್ಲೆಯ, ವಿಜ್ಞಾನ ಬೋಧನಾ ಕಾರ್ಯಕ್ರಮ. ಇದು 1972ರಲ್ಲಿ 16 ಶಾಲೆಗಳಲ್ಲಿ ಆರಂಭಗೊಂಡು, 2002ರವರೆಗೆ 6ರಿಂದ 8ನೇ ತರಗತಿಯ ಮಕ್ಕಳಿಗಾಗಿ ನಡೆಯಿತು. ಇಲ್ಲಿ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಲಿಖಿತ ಪರೀಕ್ಷೆ ಬರೆಯುತ್ತಿದ್ದರು. ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಪರೀಕ್ಷಾ ಕ್ರಮ ಬದಲಾದ ಹೊರತು ಬೋಧನಾ ಕ್ರಮ ಬದಲಾಗುವುದಿಲ್ಲ ಎಂಬುದನ್ನು ಈ ಕಾರ್ಯಕ್ರಮವು ತೋರಿಸಿಕೊಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಕಂಠಪಾಠದಿಂದ ಕಲಿಕೆಯನ್ನು ಬಿಡಿಸುವ ಅಗತ್ಯವನ್ನು ಒತ್ತಿ ಹೇಳಿದೆ.

ಕರ್ನಾಟಕದಲ್ಲಿ ದ್ವಿತೀಯ ಪದವಿಪೂರ್ವ ಪರೀಕ್ಷೆಯ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ವಿಷಯಗಳಲ್ಲಿ ತಲಾ 100 ಅಂಕಗಳ ಪೈಕಿ 30 ಅಂಕಗಳು ಪ್ರಾಯೋಗಿಕ ಪರೀಕ್ಷೆಗೆ ಮೀಸಲಾಗಿವೆ.

ಭೌತಶಾಸ್ತ್ರ ಪ್ರಯೋಗಗಳು

1. ಸರಳ ಲೋಲಕ

ಒಂದು ದಾರ, ಒಂದು ಲೋಹದ ಗುಂಡು, ಒಂದು ಅಳತೆಪಟ್ಟಿ ಮತ್ತು ಸೆಕೆಂಡು ತೋರಿಸುವ ಗಡಿಯಾರ ಇವಿಷ್ಟಿದ್ದರೆ ಭೂಮಿಯ ಗುರುತ್ವ ವೇಗೋತ್ಕರ್ಷವನ್ನು ಅಳೆಯಬಹುದು. ಲೋಲಕದ ಉದ್ದವನ್ನು ತೂಗುಬಿಟ್ಟ ಬಿಂದುವಿನಿಂದ ಗುಂಡಿನ ಕೇಂದ್ರದವರೆಗೆ ಅಳೆಯತಕ್ಕದ್ದು. ಉದ್ದವು 1 ಮೀಟರ್ ಇದ್ದಲ್ಲಿ 20 ಆಂದೋಲನಗಳಿಗೆ ಸುಮಾರು 40.1 ಸೆಕೆಂಡುಗಳು ಬೇಕಾಗುತ್ತವೆ. ಉದ್ದವನ್ನು 25 ಸೆಂ.ಮೀ.ಗೆ ಇಳಿಸಿದರೆ ಕಾಲವು ಅರ್ಧಕ್ಕೆ, ಅಂದರೆ ಸುಮಾರು 20 ಸೆಕೆಂಡಿಗೆ ಇಳಿಯುತ್ತದೆ. ಮೀಟರ್‌ಗಳಲ್ಲಿರುವ ಉದ್ದವನ್ನು ಪೈ ವರ್ಗದ ನಾಲ್ಕರಷ್ಟು, ಅಂದರೆ 39.48ರಿಂದ ಗುಣಿಸಿ, ಒಂದು ಆಂದೋಲನದ ಕಾಲದ ವರ್ಗದಿಂದ ಭಾಗಿಸಿದಾಗ 9.8 ಮೀ/ಸೆ²ಗೆ ಸಮೀಪದ ಬೆಲೆ ದೊರೆಯುತ್ತದೆ.

ಒಂದೇ ಆಂದೋಲನವನ್ನು ಅಳೆಯದೆ 20ನ್ನು ಅಳೆಯುವುದಕ್ಕೆ ಕಾರಣವಿದೆ. ಗಡಿಯಾರವನ್ನು ಒತ್ತುವಾಗ 0.2 ಸೆಕೆಂಡು ತಪ್ಪಿತೆಂದು ಭಾವಿಸಿದರೆ, 2 ಸೆಕೆಂಡಿನ ಅಳತೆಯಲ್ಲಿ ಅದು ಶೇ. 10ರ ದೋಷವಾಗುತ್ತದೆ, 40 ಸೆಕೆಂಡಿನ ಅಳತೆಯಲ್ಲಿ ಶೇ. 0.5 ಮಾತ್ರ.

ಈ ಪ್ರಯೋಗದಲ್ಲಿ ಬಹಳ ಸಾಮಾನ್ಯವಾದ ತಪ್ಪು ಎಣಿಕೆಯದು. ಗಡಿಯಾರವನ್ನು ಚಾಲೂ ಮಾಡುವ ಕ್ಷಣವನ್ನು 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಸಿದರೆ, 20 ಎಂದು ಬರೆದದ್ದು ವಾಸ್ತವವಾಗಿ 19 ಆಂದೋಲನವಾಗಿರುತ್ತದೆ. ಆಗ ಕಾಲವು 38.1 ಸೆಕೆಂಡು ಎಂದಾಗಿ, ಉತ್ತರವು ಸುಮಾರು 10.9 ಬರುತ್ತದೆ. ವಿದ್ಯಾರ್ಥಿಯು ಈ 10.9ನ್ನು ಇದ್ದಂತೆಯೇ ಬರೆದರೆ, ಎಣಿಕೆಯಲ್ಲಿ ತಪ್ಪಾಗಿರಬಹುದೆಂದು ಶಿಕ್ಷಕರು ಊಹಿಸಿ ತಿದ್ದಬಲ್ಲರು. ಅದನ್ನು ಅಳಿಸಿ ಪುಸ್ತಕದಲ್ಲಿರುವ 9.8ನ್ನು ಬರೆದರೆ ತಪ್ಪು ಯಾರಿಗೂ ತಿಳಿಯದೆ ಉಳಿಯುತ್ತದೆ. ವಿದ್ಯಾರ್ಥಿಗೆ ಅಂಕ ದೊರೆತರೂ ಪ್ರಯೋಗದ ಉದ್ದೇಶ ಈಡೇರುವುದಿಲ್ಲ.

2. ಪೀನ ಮಸೂರದ ಸಂಗಮ ದೂರ

ಕಿಟಕಿಯ ಹೊರಗಿರುವ ದೂರದ ಮರದ ಬಿಂಬವನ್ನು ಮಸೂರದ ಮೂಲಕ ಎದುರಿನ ಬಿಳಿ ಹಾಳೆಯ ಮೇಲೆ ಮೂಡಿಸಿ, ಬಿಂಬವು ಸ್ಪಷ್ಟವಾದಾಗ ಮಸೂರಕ್ಕೂ ಹಾಳೆಗೂ ಇರುವ ಅಂತರವನ್ನು ಅಳೆದರೆ ಅದೇ ಸುಮಾರಾಗಿ ಸಂಗಮ ದೂರ. ಇದನ್ನು ಉರಿಯುವ ಮೇಣದಬತ್ತಿಯಿಂದ ಪರಿಶೀಲಿಸಬಹುದು. ಸಂಗಮ ದೂರ 10 ಸೆಂ.ಮೀ. ಇರುವ ಮಸೂರದಿಂದ 30 ಸೆಂ.ಮೀ. ದೂರದಲ್ಲಿ ಬತ್ತಿಯನ್ನಿಟ್ಟರೆ ಬಿಂಬವು 15 ಸೆಂ.ಮೀ. ದೂರದಲ್ಲಿಯೂ, 20 ಸೆಂ.ಮೀ. ದೂರದಲ್ಲಿಟ್ಟರೆ 20 ಸೆಂ.ಮೀ. ದೂರದಲ್ಲಿಯೂ ಮೂಡುತ್ತದೆ. ಮಸೂರದ ಮೂಲಕ ಸೂರ್ಯನನ್ನು ಎಂದಿಗೂ ನೋಡಬಾರದು.

3. ಓಮ್‌ನ ನಿಯಮ

ಒಣಕೋಶಗಳು, ನಿಕ್ರೋಮ್ ತಂತಿ, ಅಮ್ಮೀಟರ್ ಮತ್ತು ವೋಲ್ಟ್‌ಮೀಟರ್ ಬಳಸಿ ಈ ಪ್ರಯೋಗವನ್ನು ಮಾಡಲಾಗುತ್ತದೆ. ಅಮ್ಮೀಟರನ್ನು ಸರಣಿಯಲ್ಲಿಯೂ ವೋಲ್ಟ್‌ಮೀಟರನ್ನು ಸಮಾಂತರವಾಗಿಯೂ ಜೋಡಿಸತಕ್ಕದ್ದು. ಕೋಶಗಳ ಸಂಖ್ಯೆಯನ್ನು ಒಂದರಿಂದ ನಾಲ್ಕಕ್ಕೆ ಏರಿಸುತ್ತಾ ಅಳತೆ ತೆಗೆದು ನಕ್ಷೆ ಬರೆದಾಗ ಸರಳ ರೇಖೆ ದೊರೆಯುತ್ತದೆ. ಬಳಿಕ ತಂತಿಯ ಜಾಗದಲ್ಲಿ ತಂತು ಇರುವ ಹಳೆಯ ಮಾದರಿಯ ಟಾರ್ಚ್ ಬಲ್ಬನ್ನು ಜೋಡಿಸಿ ಅದೇ ಅಳತೆಗಳನ್ನು ತೆಗೆದರೆ ರೇಖೆಯು ಬಾಗುತ್ತದೆ. ತಂತುವು ಕಾದಂತೆಲ್ಲ ಅದರ ರೋಧ ಹೆಚ್ಚುವುದೇ ಇದಕ್ಕೆ ಕಾರಣ. ತಾಪ ಬದಲಾಗದಿದ್ದಾಗ ಮಾತ್ರ ಈ ನಿಯಮ ಅನ್ವಯಿಸುತ್ತದೆ ಎಂಬ ಷರತ್ತು ಈ ಎರಡು ನಕ್ಷೆಗಳನ್ನು ಒಟ್ಟಿಗೆ ನೋಡಿದಾಗ ತಾನಾಗಿಯೇ ಅರ್ಥವಾಗುತ್ತದೆ. ಮನೆಯ ವಿದ್ಯುತ್ ಸಂಪರ್ಕವನ್ನು ಈ ಪ್ರಯೋಗಕ್ಕೆ ಬಳಸಕೂಡದು.

ರಸಾಯನಶಾಸ್ತ್ರ ಪ್ರಯೋಗಗಳು

1. ನೈಸರ್ಗಿಕ ಸೂಚಕಗಳು

ಆಮ್ಲ ಮತ್ತು ಪ್ರತ್ಯಾಮ್ಲಗಳನ್ನು ಗುರುತಿಸಲು ಲಿಟ್ಮಸ್ ಕಾಗದವೇ ಬೇಕೆಂದಿಲ್ಲ. ಅರಿಶಿನದ ನೀರಿಗೆ ಸುಣ್ಣದ ತಿಳಿ ಸೇರಿಸಿದರೆ ಕೆಂಪಾಗುತ್ತದೆ. ಶುಭಕಾರ್ಯಗಳಲ್ಲಿ ಆರತಿಗೆ ಬಳಸುವ ಓಕುಳಿ ನೀರಿನ ಬಣ್ಣ ಉಂಟಾಗುವುದೂ ಹೀಗೆಯೇ. ಅದಕ್ಕೆ ಸಾಕಷ್ಟು ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ರಸವು ಆಮ್ಲದಲ್ಲಿ ಕೆಂಪು ಛಾಯೆಗೂ ಪ್ರತ್ಯಾಮ್ಲದಲ್ಲಿ ಹಸಿರು ಛಾಯೆಗೂ ತಿರುಗುತ್ತದೆ. ಹುಣಸೆಹುಳಿ, ಮಜ್ಜಿಗೆ, ಸಾಬೂನಿನ ನೀರು, ಅಡಿಗೆ ಸೋಡಾ ಮುಂತಾದವುಗಳನ್ನು ಪರೀಕ್ಷಿಸಿ ವಿದ್ಯಾರ್ಥಿಗಳು ಪಟ್ಟಿ ತಯಾರಿಸಬಹುದು.

2. ನೀರಿನ ವಿದ್ಯುದ್ವಿಭಜನೆ

ನೀರಿಗೆ ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 9 ವೋಲ್ಟ್ ಬ್ಯಾಟರಿಯಿಂದ ವಿದ್ಯುತ್ ಹಾಯಿಸಿದಾಗ ಋಣಾಗ್ರದಲ್ಲಿ ಹೈಡ್ರೋಜನ್, ಧನಾಗ್ರದಲ್ಲಿ ಆಕ್ಸಿಜನ್ ಸಂಗ್ರಹವಾಗುತ್ತವೆ. ಅವುಗಳ ಗಾತ್ರದ ಅನುಪಾತ 2:1 ಇರಬೇಕು. ಪೆನ್ಸಿಲ್ ಕಡ್ಡಿಗಳನ್ನು ವಿದ್ಯುದಗ್ರಗಳಾಗಿ ಬಳಸಿದಲ್ಲಿ ಆಕ್ಸಿಜನ್ ತುಸು ಕಡಿಮೆ ಕಂಡುಬರುತ್ತದೆ. ಅದರಲ್ಲಿ ಸ್ವಲ್ಪ ಭಾಗ ನೀರಿನಲ್ಲಿ ಕರಗುತ್ತದೆ, ಸ್ವಲ್ಪ ಭಾಗ ಕಡ್ಡಿಯ ಇಂಗಾಲದೊಡನೆ ವರ್ತಿಸುತ್ತದೆ. ಆಮ್ಲದ ಬದಲು ಅಡಿಗೆ ಉಪ್ಪನ್ನು ಬಳಸಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಉಂಟಾಗುವುದರಿಂದ ಹಾಗೆ ಮಾಡಬಾರದು.

3. ಅನುಮಾಪನ

ಪದವಿಪೂರ್ವ ಹಂತದ ಈ ಪ್ರಯೋಗದಲ್ಲಿ ಸಾರತೆ ತಿಳಿದಿರುವ ಆಕ್ಸಾಲಿಕ್ ಆಮ್ಲದ ದ್ರಾವಣದಿಂದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಸಾರತೆಯನ್ನು ಕಂಡುಹಿಡಿಯಲಾಗುತ್ತದೆ. 0.05 ಮೋಲಾರ್ ಸಾರತೆಯ 250 ಮಿ.ಲೀ. ಆಮ್ಲ ದ್ರಾವಣಕ್ಕೆ 1.576 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳುಗಳು ಬೇಕಾಗುತ್ತವೆ. ಇದರ 10 ಮಿ.ಲೀ.ಗೆ ಫಿನಾಲ್ಫ್ಥಲೀನ್ ಸೂಚಕವನ್ನು ಸೇರಿಸಿ, ಬ್ಯೂರೆಟ್ಟಿನಿಂದ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡಬೇಕು. ತಿಳಿ ಗುಲಾಬಿ ಬಣ್ಣ ಮೂಡಿ ನಿಂತ ಕೂಡಲೇ ನಿಲ್ಲಿಸಬೇಕು. ಹೈಡ್ರಾಕ್ಸೈಡಿನ ಸಾರತೆ 0.1 ಮೋಲಾರ್ ಇದ್ದಲ್ಲಿ 10 ಮಿ.ಲೀ. ಖರ್ಚಾಗುತ್ತದೆ.

ಬ್ಯೂರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಉಳಿಯದಂತೆಯೂ, ದ್ರವದ ಮೇಲ್ಮೈಯ ಕೆಳ ಅಂಚಿಗೆ ಕಣ್ಣು ಸಮನಾಗಿರುವಂತೆಯೂ ನೋಡಿಕೊಳ್ಳಬೇಕು. ಪರಸ್ಪರ 0.1 ಮಿ.ಲೀ. ಒಳಗೆ ಹೊಂದುವ ಅಳತೆಗಳು ಬರುವವರೆಗೆ ಪ್ರಯೋಗವನ್ನು ಪುನರಾವರ್ತಿಸಬೇಕು. ಎರಡನೆಯ ಅಳತೆಯನ್ನು ಮಾಡದೆಯೇ ಮೊದಲನೆಯದನ್ನು ನಕಲು ಮಾಡಿ ಬರೆಯುವುದು ಪ್ರಯೋಗವೆನಿಸುವುದಿಲ್ಲ.

ದಾಖಲೆ ಬರೆಯುವ ಕ್ರಮ

- ಅಳತೆಗಳನ್ನು ಬಿಡಿ ಹಾಳೆಯಲ್ಲಿ ಬರೆಯದೆ ನೇರವಾಗಿ ಪುಸ್ತಕದಲ್ಲಿ, ಶಾಯಿಯಲ್ಲಿ, ದಿನಾಂಕ ಸಹಿತ ಬರೆಯತಕ್ಕದ್ದು.
- ಲೆಕ್ಕಪತ್ರಗಳಲ್ಲಿರುವಂತೆಯೇ ಇಲ್ಲಿಯೂ ಅಂಕಿಯನ್ನು ಅಳಿಸಬಾರದು. ತಪ್ಪಾದ ಅಂಕಿಯ ಮೇಲೆ ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆಯಬೇಕು.
- ಉತ್ತರವು ಪುಸ್ತಕದ ಬೆಲೆಗಿಂತ ಭಿನ್ನವಾಗಿದ್ದಲ್ಲಿ ಭಿನ್ನವಾಗಿಯೇ ಬರೆದು, ಸಂಭವನೀಯ ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ನಮೂದಿಸಬೇಕು.
- ಶಿಕ್ಷಕರು ಉತ್ತರದ ನಿಖರತೆಗೆ ಮಾತ್ರವಲ್ಲದೆ, ಅಳತೆಯ ಪ್ರಾಮಾಣಿಕತೆಗೆ ಹಾಗೂ ಕಾರಣದ ವಿವರಣೆಗೆ ಅಂಕ ನೀಡುವುದು ಸೂಕ್ತ. ಇಡೀ ತರಗತಿಯ ಉತ್ತರ ದಶಾಂಶದವರೆಗೆ ಒಂದೇ ಆಗಿದ್ದರೆ ಅದು ಸಂತೋಷದ ವಿಷಯವಲ್ಲ, ಪರಿಶೀಲಿಸಬೇಕಾದ ವಿಷಯ.

ಉಪಕರಣಗಳ ನಿರ್ವಹಣೆ

ಪ್ರಯೋಗಾಲಯದ ವಸ್ತುಗಳನ್ನು ಬಳಸಿ ಮುಗಿಯುವ ರಾಸಾಯನಿಕಗಳು, ಒಡೆಯುವ ಗಾಜಿನ ಸಾಮಾನುಗಳು ಮತ್ತು ಬಾಳಿಕೆ ಬರುವ ಉಪಕರಣಗಳು ಎಂದು ಮೂರು ಭಾಗ ಮಾಡಿ ದಾಸ್ತಾನು ವಹಿಯಲ್ಲಿ ಪ್ರತ್ಯೇಕವಾಗಿ ನಮೂದಿಸುವುದು ಅನುಕೂಲಕರ. ಒಡೆದ ಸಾಮಾನಿನ ಲೆಕ್ಕ ಕೊಡಬೇಕಾದೀತೆಂಬ ಅಂಜಿಕೆಯಿಂದ ಉಪಕರಣಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದುಂಟು. ಪ್ರನಾಳವು ಉಪಯೋಗಿಸಿದಾಗ ಒಡೆಯುವುದು ಸಹಜ. ಒಡೆದ ದಿನವೇ ಕಾರಣ ಸಹಿತ ವಹಿಯಲ್ಲಿ ನಮೂದಿಸಿ ಮುಖ್ಯ ಶಿಕ್ಷಕರ ಸಹಿ ಪಡೆದರೆ ಲೆಕ್ಕ ಸ್ಪಷ್ಟವಾಗಿರುತ್ತದೆ. ಹತ್ತು ವರ್ಷ ಒಂದೂ ಒಡೆಯದ ಪ್ರನಾಳಗಳ ಲೆಕ್ಕ ಸರಿಯಿರಬಹುದು, ಆದರೆ ಆ ಹತ್ತು ವರ್ಷಗಳ ವಿದ್ಯಾರ್ಥಿಗಳಿಗೆ ಅವು ದೊರೆತಿಲ್ಲವೆಂದೇ ಅರ್ಥ.

ಸುರಕ್ಷತಾ ಕ್ರಮಗಳು

1. ಆಮ್ಲವನ್ನು ಸಾರರಿಕ್ತಗೊಳಿಸುವಾಗ ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕು. ಆಮ್ಲಕ್ಕೆ ನೀರನ್ನು ಸುರಿಯಬಾರದು.
2. ಪಿಪೆಟ್ಟನ್ನು ಬಾಯಿಂದ ಹೀರದೆ ರಬ್ಬರ್ ಬುರುಡೆಯನ್ನು ಬಳಸಬೇಕು. ಆಕ್ಸಾಲಿಕ್ ಆಮ್ಲವು ವಿಷಕಾರಿಯಾಗಿದೆ.
3. ಕಾಯಿಸುವಾಗ ಪ್ರನಾಳದ ಬಾಯಿ ಯಾರ ಕಡೆಗೂ ತಿರುಗಿರಬಾರದು. ಜಡೆ, ದುಪಟ್ಟಾ ಮುಂತಾದವುಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು.
4. ಒಂದು ಸ್ಪಿರಿಟ್ ದೀಪದಿಂದ ಮತ್ತೊಂದನ್ನು ಹಚ್ಚಬಾರದು.
5. ಕಣ್ಣಿಗೆ ರಾಸಾಯನಿಕ ಸಿಡಿದಲ್ಲಿ ತಕ್ಷಣ ಹರಿಯುವ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು, ವೈದ್ಯರಲ್ಲಿಗೆ ಕರೆದೊಯ್ಯಬೇಕು.
6. ಪಾದರಸದ ಉಷ್ಣತಾಮಾಪಕಗಳ ಬದಲು ಆಲ್ಕೋಹಾಲ್ ಅಥವಾ ಡಿಜಿಟಲ್ ಮಾಪಕಗಳನ್ನು ಬಳಸುವುದು ಸೂಕ್ತ. ಚೆಲ್ಲಿದ ಪಾದರಸವನ್ನು ಬರಿಗೈಯಿಂದ ಮುಟ್ಟಬಾರದು, ಕಸಬರಿಗೆಯಿಂದ ಗುಡಿಸಬಾರದು.

ಪೋಷಕರ ಗಮನಕ್ಕೆ

ಗಣಕಯಂತ್ರದಲ್ಲಿ ತೋರಿಸುವ ಪ್ರಯೋಗಗಳು ಪೂರ್ವಸಿದ್ಧತೆಗೆ ಸಹಾಯಕವಾಗಿವೆ. ಆದರೆ ಅವು ಕೈಯಾರೆ ಮಾಡುವ ಪ್ರಯೋಗಕ್ಕೆ ಬದಲಿಯಾಗಲಾರವು. ಪೋಷಕರು ಹಾಗೂ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಶಾಲೆಗೆ ಭೇಟಿ ನೀಡಿದಾಗ ಈ ಕೆಳಕಂಡ ಅಂಶಗಳನ್ನು ವಿಚಾರಿಸಬಹುದು:

- ಈ ತಿಂಗಳಲ್ಲಿ ಮಕ್ಕಳು ತಾವೇ ಮಾಡಿದ ಪ್ರಯೋಗಗಳು ಎಷ್ಟು?
- ಒಂದು ಉಪಕರಣದ ಸುತ್ತ ಎಷ್ಟು ಮಕ್ಕಳು ಕೆಲಸ ಮಾಡುತ್ತಾರೆ, ಎಲ್ಲರಿಗೂ ಸರದಿ ದೊರೆಯುತ್ತದೆಯೇ?
- ಮಕ್ಕಳ ದಾಖಲೆ ಪುಸ್ತಕದಲ್ಲಿರುವ ಅಂಕಿಗಳು ಅವರೇ ಅಳೆದವುಗಳೇ?

ಈ ಮೂರನೆಯ ಪ್ರಶ್ನೆಗೆ 'ಹೌದು' ಎಂಬ ಉತ್ತರ ದೊರೆತಲ್ಲಿ, ಉಪಕರಣಗಳು ಕಡಿಮೆಯಿದ್ದರೂ ಆ ಶಾಲೆಯಲ್ಲಿ ವಿಜ್ಞಾನ ಬೋಧನೆ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಬಹುದು.