ಗುರಿಸ್ಪರ್ಧೆಯ ಹಳೆಯ ರೈಫಲ್ ಸ್ಕೋಪ್‌ಗಳು ಮತ್ತು ಮೌಂಟ್‌ಗಳು

19ನೇ ಶತಮಾನದ ನಡುಭಾಗದಿಂದ ನೂರು ವರ್ಷ ಗುರಿಸ್ಪರ್ಧೆಯ ರೈಫಲ್‌ಗಳ ಮೇಲೆ ಕೂರುತ್ತಿದ್ದ ಉದ್ದನೆಯ ದುರ್ಬೀನು ಹಾಗೂ ಅದನ್ನು ಹಿಡಿದಿಡುವ ಸಾಧನ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಬರಿಗಣ್ಣಿನಿಂದ ಗುರಿಯಿಟ್ಟವರಿಗೆ ಇದರ ಅಗತ್ಯ ತಟ್ಟನೆ ಅರ್ಥವಾಗುತ್ತದೆ: ನಳಿಗೆಯ ತುದಿಯ ಮಣಿಯೂ ದೂರದ ಕಾಯಿಯೂ ಒಂದೇ ಸಲ ನಿಚ್ಚಳವಾಗಿ ಕಾಣುವುದಿಲ್ಲ. ದುರ್ಬೀನಿನಲ್ಲಿ ಮಣಿಯ ಬದಲು ಗುರಿಯ ಎಳೆಗಳಿದ್ದು, ಅವೂ ಕಾಯಿಯೂ ಒಂದೇ ನೋಟಕ್ಕೆ ನಿಚ್ಚಳವಾಗುತ್ತವೆ.

ಅಮೆರಿಕದಲ್ಲಿ 1840ರ ದಶಕದಲ್ಲಿ ಚಾಪ್ಮನ್ ಮತ್ತು ಜೇಮ್ಸ್ ಇದಕ್ಕೆ ರೂಪ ಕೊಟ್ಟರು. 1855ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ವಿಲಿಯಂ ಮಾಲ್ಕಮ್ ತಯಾರಿಕೆಗೆ ಇಳಿದ. ಆಗಿನ ಕೊಳವೆ ಕೆಲವೊಮ್ಮೆ ನಳಿಗೆಯಷ್ಟೇ ಉದ್ದ. ನೋಟ ಕಿರಿದು, ಮಬ್ಬು. ಮುಂದೆ ವಿಂಚೆಸ್ಟರ್ ಕಂಪನಿಯ ಎ5 ಸ್ಕೋಪ್ ಬಂತು. 1928ರಲ್ಲಿ ಅದರ ಹಕ್ಕು ಪಡೆದ ಲೈಮನ್ ಕಂಪನಿ 5ಎ ಎಂಬ ಹೆಸರಿನಲ್ಲಿ ಮಾರಿತು. ಸ್ಕೋಪ್ ತಯಾರಕ ಫೆಕರ್ ಮತ್ತು ಅವನ ಬಳಿ ದುಡಿದಿದ್ದ ಜರ್ಮನ್ ಮೂಲದ ಜಾನ್ ಉನರ್ಟ್ಲ್ ಈ ಕಲೆಯನ್ನು ಎತ್ತರಕ್ಕೆ ಒಯ್ದರು.

ಗಾಜಿಗಿಂತ ಮೌಂಟಿನದೇ ದೊಡ್ಡ ಕಥೆ. ಕೊಳವೆಯೊಳಗಿನ ಅಡ್ಡ-ಉದ್ದ ಎಳೆಗಳು, ಹಲವು ಸ್ಕೋಪ್‌ಗಳಲ್ಲಿ ಜೇಡನ ನೂಲೇ, ಅಲುಗಾಡುತ್ತಿರಲಿಲ್ಲ. ಗುರಿ ಸರಿಪಡಿಸಲು ಇಡೀ ಕೊಳವೆಯ ಹಿಂತುದಿಯನ್ನೇ ಮೈಕ್ರೊಮೀಟರ್ ತಿರುಪಿನಿಂದ ಎತ್ತಿಳಿಸಬೇಕು. ಎರಡು ಮೌಂಟ್‌ಗಳ ನಡುವಿನ ಅಂತರ 7.2 ಇಂಚು ಇದ್ದರೆ, ಹಿಂತುದಿ ಇಂಚಿನ ಎರಡು ಸಾವಿರದಲ್ಲೊಂದು ಪಾಲು ಸರಿದಾಗ 100 ಗಜದಾಚೆ ಗುಂಡು ಕಾಲು ಇಂಚು ಸರಿಯುತ್ತದೆ. ಬೆರಳಿಗೆ ತಾಗುವ ಒಂದು 'ಟಿಕ್' ಅಷ್ಟೇ. ತಲೆಗೂದಲಿಗಿಂತ ತೆಳುವಾದ ಈ ಅಳತೆಯನ್ನು ಕೈಗೆ ಒಗ್ಗಿಸಿದ್ದು ನಿಜವಾಗಿ ಬೆರಗಿನ ಕುಶಲತೆ.

ಕೊಳವೆಯನ್ನು ಬಿಗಿಯಾಗಿ ಕಚ್ಚಿಸುತ್ತಿರಲಿಲ್ಲ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಭಾರದ ಸ್ಕೋಪ್ ಇದ್ದಲ್ಲೇ ನಿಂತು ಮೌಂಟಿನೊಳಗೆ ಮುಂದಕ್ಕೆ ಜಾರುತ್ತದೆ. ಹಾಗಾಗಿ ಒದೆತದ ಪೆಟ್ಟು ಸೂಕ್ಷ್ಮ ಎಳೆಗೆ ತಟ್ಟುವುದಿಲ್ಲ. ಪ್ರತಿ ಗುಂಡಿನ ನಂತರ ಕೈಯಿಂದ ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಕೆಲವಕ್ಕೆ ಆ ಕೆಲಸಕ್ಕೆ ಸ್ಪ್ರಿಂಗ್ ಇತ್ತು. ಜಾರುವಾಗ ತಿರುಚಿಕೊಳ್ಳದಂತೆ ಕೊಳವೆಯ ಮೈಮೇಲೆ ಸಣ್ಣ ಏಣು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮರೀನ್ ಪಡೆ 8 ಪಟ್ಟು ಹಿಗ್ಗಿಸಿ ತೋರಿಸುವ ಉನರ್ಟ್ಲ್ ಸ್ಕೋಪನ್ನು ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗೆ ಹಾಕಿತು. ಆದರೆ ಶೂಟಿಂಗ್ ರೇಂಜಿನ ನೆರಳಿನಲ್ಲಿ ಹೊಂದಿಕೊಳ್ಳುವ ಸಾಧನಕ್ಕೆ ಯುದ್ಧಭೂಮಿಯ ಮರಳು, ಕೆಸರು ವೈರಿ. ಮುಂದೆ ತಿರುಪುಗಳು ಕೊಳವೆಯ ಒಳಕ್ಕೆ ಸೇರಿ ಎಳೆಗಳನ್ನೇ ಸರಿಸತೊಡಗಿದವು. ಮೌಂಟ್ ಬರೀ ಬಿಗಿಯುವ ಉಂಗುರವಾಯಿತು.